ಕಡಲಿಗೆ ಹೊರಟವರು ಘಟ್ಟವನ್ನು ನೋಡಬೇಕು

(ಕಾರವಾರದಲ್ಲಿ ನೀಡಿದ ಉಪನ್ಯಾಸವೊಂದರ ಬರಹ ರೂಪ. ಮಾತಿನ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಆಮಂತ್ರಣ ಪತ್ರಿಕೆಯಲ್ಲಿ 'ಹಾಯಿದೋಣಿಯಲ್ಲಿ ಒಂದು ದಿನ' ಎಂದು ಅಚ್ಚಾಗಿದೆ. ಸಾಹಸದ ಕಥೆ ಕೇಳಲು ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ: ಈ ಕಥೆಯಲ್ಲಿ ದೋಣಿ ಮಗುಚುವುದಿಲ್ಲ, ಯಾರೂ ನೀರಿಗೆ ಬೀಳುವುದಿಲ್ಲ, ತಿಮಿಂಗಿಲವೂ ಬರುವುದಿಲ್ಲ. ದಿನದ ಬಹುಪಾಲು ನಾವು ಗಾಳಿಗಾಗಿ ಕಾಯುತ್ತಾ ಕುಳಿತಿರುತ್ತೇವೆ. ಬೇಸರವಾದವರು ಎದ್ದು ಹೋದರೆ ನನಗೆ ಬೇಸರವಿಲ್ಲ. ಹಿಂದಿನ ಸಾಲಿನ ಹುಡುಗರು ಈಗಲೇ ಬಾಗಿಲ ಕಡೆ ನೋಡುತ್ತಿದ್ದಾರೆ.

ಹೋದ ದಾರಿ ದೊಡ್ಡದೇನಲ್ಲ. ಬೆಳಿಗ್ಗೆ ಬೈತಖೋಲದಿಂದ ಹೊರಟು ದೇವಗಡ ದ್ವೀಪದ ದೀಪಸ್ತಂಭದವರೆಗೆ, ಅಲ್ಲಿಂದ ಈಶಾನ್ಯಕ್ಕೆ ತಿರುಗಿ ಕೂರ್ಮಗಡದ ಹತ್ತಿರಕ್ಕೆ, ಸಂಜೆ ಕಾಳಿಯ ಅಳಿವೆಯ ಮೂಲಕ ಕೋಡಿಬಾಗಕ್ಕೆ. ಯಂತ್ರದ ದೋಣಿಯಲ್ಲಾದರೆ ಬೆಳಗಿನ ಚಹಾ ಕುಡಿದು ಹೊರಟವರು ಊಟಕ್ಕೆ ಮನೆಗೆ ಬರಬಹುದು. ಹಾಯಿಗೆ ಇಡೀ ದಿನ ಬೇಕು. ನಮ್ಮದು ಹದಿನಾರು ಅಡಿಯ ಫೈಬರ್ ದೋಣಿ. ಒಂದು ದೊಡ್ಡ ಹಾಯಿ, ಮುಂದೆ ಒಂದು ಚಿಕ್ಕದು, ಆಪತ್ತಿಗೆಂದು ಎರಡು ಹುಟ್ಟು. ಜೊತೆಗಿದ್ದವರು ಇಬ್ಬರು. ಒಬ್ಬ ನನ್ನ ಹಳೆಯ ವಿದ್ಯಾರ್ಥಿ, ದೋಣಿ ಅವನದೇ. ಇನ್ನೊಬ್ಬರು ವಯಸ್ಸಾದ ತಾಂಡೇಲರು, ಅಂದರೆ ದೋಣಿಯ ಮುಖ್ಯಸ್ಥರು, ಹರೆಯದಲ್ಲಿ ಹಾಯಿ ಕಟ್ಟಿದ್ದವರು, ಆಮೇಲೆ ಬದುಕೆಲ್ಲ ಯಂತ್ರದ ದೋಣಿ ನಡೆಸಿದವರು. ಅವರು ಬಂದದ್ದು ನಮ್ಮ ಮೇಲಿನ ಪ್ರೀತಿಗೋ ನಮ್ಮ ಮೇಲೆ ನಂಬಿಕೆಯಿಲ್ಲದ್ದಕ್ಕೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅದು ಅಕ್ಟೋಬರ್ ತಿಂಗಳು. ಈ ತಿಂಗಳ ಬಗ್ಗೆಯೇ ನಾನು ಹೇಳಬೇಕಾಗಿರುವುದು. ಜೂನ್, ಜುಲೈಗಳಲ್ಲಿ ಕಡಲಿಗೆ ಇಳಿಯಬಾರದು ಎಂಬುದು ಮಗುವಿಗೂ ಗೊತ್ತು. ಸರ್ಕಾರವೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧಿಸಿದೆ. ಡಿಸೆಂಬರ್, ಜನವರಿಗಳಲ್ಲಿ ಕಡಲು ಸಾಧು. ಇವೆರಡರ ನಡುವೆ ಇರುವ ಅಕ್ಟೋಬರ್ ಬೆಳಿಗ್ಗೆ ಒಂದು ಮಾತು ಆಡಿ ಮಧ್ಯಾಹ್ನ ಇನ್ನೊಂದು ಆಡುತ್ತದೆ. ಅದರ ಜೊತೆ ವ್ಯವಹರಿಸಲು ಬಂದರೆ ಉಳಿದ ತಿಂಗಳುಗಳು ಸುಲಭ.

ಮೊದಲು ದಿನದ ವೇಳಾಪಟ್ಟಿ. ನಮ್ಮ ಕರಾವಳಿಯ ಗಾಳಿಗೆ ಬಸ್ಸಿಗಿಂತ ಖಚಿತವಾದ ವೇಳಾಪಟ್ಟಿ ಇದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಹಾಗಾಗಿ ನಸುಕಿನಲ್ಲಿ ನೆಲದಿಂದ ಕಡಲಿನ ಕಡೆಗೆ ಮೂಡುಗಾಳಿ ಬೀಸುತ್ತದೆ. ಕಾಳಿಯ ಕಣಿವೆಯಲ್ಲಿ ಜಾರಿ ಬರುವ ಈ ಗಾಳಿ ತಂಪಾಗಿ, ಮೆತ್ತಗೆ, ಬಿಟ್ಟು ಬಿಟ್ಟು ಬರುತ್ತದೆ. ಬಿಸಿಲು ಏರಿದಂತೆ ಅದು ಸಾಯುತ್ತದೆ. ಒಂಬತ್ತು ಗಂಟೆಯಿಂದ ಹನ್ನೊಂದರವರೆಗೆ ಏನೂ ಇಲ್ಲ, ಕಡಲು ಎಣ್ಣೆ ಸುರಿದಂತೆ ಬಿದ್ದಿರುತ್ತದೆ. ಆಮೇಲೆ ನೆಲ ಕಾದು, ಅದರ ಮೇಲಿನ ಗಾಳಿ ಏರಿ, ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ಮಧ್ಯಾಹ್ನದಿಂದ ಸಂಜೆ ಐದರವರೆಗೆ ಪಶ್ಚಿಮದಿಂದಲೋ ವಾಯವ್ಯದಿಂದಲೋ ಹದವಾದ ಗಾಳಿ. ಸೂರ್ಯ ಮುಳುಗುವ ಹೊತ್ತಿಗೆ ಅದೂ ತಣ್ಣಗಾಗುತ್ತದೆ. ಎಂಜಿನ್ ಬರುವ ಮೊದಲು ಇಲ್ಲಿಯ ಮೀನುಗಾರರು ನಸುಕಿನಲ್ಲಿ ಹೊರಟು ಮಧ್ಯಾಹ್ನದ ಮೇಲೆ ಮರಳುತ್ತಿದ್ದುದು ಶಿಸ್ತಿನಿಂದ ಮಾತ್ರವಲ್ಲ. ಹೋಗುವಾಗಲೂ ಬರುವಾಗಲೂ ಗಾಳಿ ಬೆನ್ನಿಗೇ ಇರುತ್ತಿತ್ತು. ಮಂಗಳೂರು ಹಂಚು, ಉಪ್ಪು, ಅಕ್ಕಿ ಹೊತ್ತು ಬಂದರಿನಿಂದ ಬಂದರಿಗೆ ಹೋಗುತ್ತಿದ್ದ ಮಂಜಿ ಎಂಬ ಹಾಯಿಹಡಗುಗಳೂ ಇದೇ ಲೆಕ್ಕದಲ್ಲಿ ತೀರ ಹಿಡಿದು ಸಾಗಿದವು.

ಗಾಳಿ ಎದುರಿಗಿದ್ದರೆ ಏನು ಮಾಡುತ್ತೀರಿ ಎಂದು ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ. ಅದಕ್ಕೆ ಈಗಲೇ ಉತ್ತರಿಸಿಬಿಡೋಣ. ಮುರುಗಲ ಹಣ್ಣಿನ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿ ನೋಡಿ, ಅದು ಮುಂದಕ್ಕೆ ಚಿಮ್ಮುತ್ತದೆ. ಬೆರಳುಗಳು ಒತ್ತಿದ್ದು ಬದಿಯಿಂದ, ಬೀಜ ಹೋದದ್ದು ಮುಂದಕ್ಕೆ. ದೋಣಿಯಲ್ಲಿ ಒಂದು ಬೆರಳು ಹಾಯಿಯ ಮೇಲಿನ ಗಾಳಿ, ಇನ್ನೊಂದು ದೋಣಿಯ ನಡುವಿನಿಂದ ನೀರಿಗೆ ಇಳಿಬಿಟ್ಟ ಹಲಗೆ. ಆ ಹಲಗೆ ಇಲ್ಲದಿದ್ದರೆ ದೋಣಿ ಏಡಿಯ ಹಾಗೆ ಅಡ್ಡಡ್ಡ ಹೋಗುತ್ತದೆ. ಆದರೂ ಗಾಳಿಯ ನೇರ ಬಾಯಿಗೆ ಯಾವ ಹಾಯಿದೋಣಿಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಲ್ಲಿ ಹೋಗಿ, ತಿರುಗಿ, ಇನ್ನೊಂದು ಓರೆಯಲ್ಲಿ ಹೋಗಿ, ಹೀಗೆ ಹೆಣೆಯುತ್ತಾ ಸಾಗಬೇಕು. ಐದು ಕಿಲೋಮೀಟರ್ ದಾರಿ ಕಾಗದದ ಲೆಕ್ಕದಲ್ಲೇ ಏಳು ಕಿಲೋಮೀಟರ್ ಆಗುತ್ತದೆ. ನೀರಿನ ಮೇಲೆ ಇನ್ನೂ ಹೆಚ್ಚು.

ಹಳೆಯ ಕಾಲದ ಚೌಕ ಹಾಯಿಯ ಹಡಗುಗಳಿಗೆ ಇಷ್ಟು ಓರೆಯೂ ಸಾಧ್ಯವಿರಲಿಲ್ಲ. ನಮ್ಮ ಊರಿನವರು ಇದನ್ನು ಕಣ್ಣಾರೆ ನೋಡಬಹುದಿತ್ತು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ 'ಕೌಂಡಿನ್ಯ' ಎಂಬ ಚೌಕ ಹಾಯಿಯ ಹಡಗು ನೌಕಾಪಡೆಗೆ ಸೇರಿತು. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನು ನೋಡಿ ಗೋವಾದಲ್ಲಿ ಕಟ್ಟಿದ ಹಡಗು. ಮೊಳೆಯ ಬದಲು ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದಿದ್ದಾರೆ. ಹಾಯಿಯ ಮೇಲೆ ಗಂಡಭೇರುಂಡ. ಕರ್ನಾಟಕದವರಾದ ನಾವು ಸರ್ಕಾರಿ ಕಾಗದದ ತಲೆಯಲ್ಲಿ ದಿನವೂ ನೋಡುವ ಹಕ್ಕಿಯೇ ಅದು! ಆ ಹಡಗು 2025ರ ಡಿಸೆಂಬರ್ ಕೊನೆಯಲ್ಲಿ ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ ತಲುಪಿತು. ಡಿಸೆಂಬರನ್ನೇ ಏಕೆ ಆರಿಸಿಕೊಂಡರು? ಆಗ ಬೀಸುವುದು ಈಶಾನ್ಯದ ಗಾಳಿ, ಅರಬಸ್ಥಾನದ ಕಡೆಗೆ ತಳ್ಳುವ ಗಾಳಿ. ವರ್ಷದ ವೇಳಾಪಟ್ಟಿಯನ್ನು ಹಿಡಿದು ಅವರು ಕಡಲು ದಾಟಿದರು, ದಿನದ ವೇಳಾಪಟ್ಟಿಯನ್ನು ಹಿಡಿದು ನಾವು ಕೊಲ್ಲಿ ದಾಟಲು ಹೊರಟಿದ್ದೆವು.

ಬೆಳಿಗ್ಗೆ ಎಲ್ಲವೂ ಪಟ್ಟಿಯ ಪ್ರಕಾರವೇ ನಡೆಯಿತು. ಬೆಳಕು ಹರಿಯುವ ಮುನ್ನ ಮೂಡುಗಾಳಿ ಹಾಯಿ ತುಂಬಿತು. ಬೈತಖೋಲದಿಂದ ದೇವಗಡ ಐದಾರು ಕಿಲೋಮೀಟರ್ ಪಶ್ಚಿಮಕ್ಕಿದೆ. ಎಡಕ್ಕೆ, ಬಿಣಗಾದ ಕಡೆ, ಅಂಜದೀವ್ ಇದೆ. ವಾಸ್ಕೋ ಡ ಗಾಮ 1498ರಲ್ಲಿ ದೋಣಿಗಳನ್ನು ದುರಸ್ತಿ ಮಾಡಿಕೊಂಡ ದ್ವೀಪ, 1961ರ ಗೋವಾ ವಿಮೋಚನೆಯಲ್ಲಿ ನೌಕಾಪಡೆಯ ಯೋಧರು ಪ್ರಾಣಕೊಟ್ಟ ದ್ವೀಪ. ಈಗ ಅಲೆತಡೆ ಗೋಡೆ ಅದನ್ನು ನೆಲಕ್ಕೆ ಸೇರಿಸಿದೆ. 2005ರಲ್ಲಿ ಶುರುವಾದ 'ಕದಂಬ' ನೌಕಾನೆಲೆಯ ನೀರು ಅದು. ಆ ದಿಕ್ಕಿಗೆ ಹೋಗುವಂತಿಲ್ಲ, ಗಾಳಿ ತಳ್ಳಿತು ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಮೂತಿಯನ್ನು ಸ್ವಲ್ಪ ಉತ್ತರಕ್ಕೇ ಇಟ್ಟುಕೊಂಡಿದ್ದೆವು.

ದೇವಗಡದ ದೀಪಸ್ತಂಭ 1864ರದ್ದು. ದ್ವೀಪದ ಹತ್ತಿರ ಬಂದಾಗ ಗಾಳಿ ಹೇಳಿದಂತೆಯೇ ಸತ್ತಿತು. ಎರಡು ಗಂಟೆ ಅಲ್ಲಿಯೇ. ತೆಳ್ಳೇವು ಮತ್ತು ಚಟ್ನಿ ತಿಂದೆವು. ತಾಂಡೇಲರು ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದರು. ಈ ಹೊತ್ತಿನಲ್ಲಿ ಕಡಲನ್ನು ನೋಡುತ್ತಾ ಕುಳಿತರೆ ನಿದ್ದೆ ಬರುತ್ತದೆ. ಪೂರ್ವಕ್ಕೆ ತಿರುಗಿ ಕುಳಿತರೆ ಮಾತ್ರ ನಮ್ಮ ಊರು ಎಂಥ ಜಾಗದಲ್ಲಿದೆ ಎಂದು ಕಾಣುತ್ತದೆ. ಸಹ್ಯಾದ್ರಿಯು ಕಡಲಿಗೆ ಇಷ್ಟು ಒತ್ತಿಕೊಂಡು ನಿಂತಿರುವ ಕಡೆಗಳು ಕಡಿಮೆ. ಬೀಚಿನ ಹಿಂದೆಯೇ ಊರು, ಊರಿನ ಹಿಂದೆಯೇ ಗುಡ್ಡೆಹಳ್ಳಿ, ಅದರ ಹಿಂದೆ ಒಂದರ ಮೇಲೊಂದು ನೀಲಿ ಗುಡ್ಡಗಳು. ಪ್ರವಾಸಿಗರು ಚಿತ್ರ ತೆಗೆಯುವ ಈ ಸಾಲೇ ಅಕ್ಟೋಬರಿನಲ್ಲಿ ಮೋಡ ಬೆಳೆಯುವ ತೋಟ.

ನಡೆಯುವುದು ಇಷ್ಟು. ಮಳೆಗಾಲ ಹಿಂದೆ ಸರಿದಿರುತ್ತದೆ, ಆದರೆ ನೆಲದಲ್ಲಿ, ಕಾಡಿನಲ್ಲಿ ತೇವ ಬೇಕಾದಷ್ಟಿರುತ್ತದೆ. ಬಿಸಿಲು ಮತ್ತೆ ಚುರುಕಾಗುತ್ತದೆ. ಕಡಲ ಗಾಳಿ ಒಳಕ್ಕೆ ನುಗ್ಗಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಯಲ್ಲಾಪುರ, ಜೊಯಿಡಾ, ಕದ್ರಾ ಮೇಲೆಲ್ಲ ಬಿಳಿಯ ಮೋಡಗಳು ಗೋಪುರದಂತೆ ಏಳುತ್ತವೆ. ಅವುಗಳಲ್ಲಿ ಕೆಲವು ಅಲ್ಲಿಯೇ ಸುರಿದು ಮುಗಿಯುತ್ತವೆ. ಕೆಲವು ಮೇಲಿನ ಮೂಡುಗಾಳಿಯ ಜೊತೆ ಕಡಲಿನ ಕಡೆಗೆ ನಡೆದು ಬರುತ್ತವೆ. ಮಳೆ ಸುರಿಯುವಾಗ ಮೋಡದ ಹೊಟ್ಟೆಯಿಂದ ತಣ್ಣನೆಯ ಗಾಳಿ ಕೆಳಗೆ ಬಿದ್ದು ನೆಲದ ಮೇಲೆ ಹರಡುತ್ತದೆ. ಅದು ಮಳೆಗಿಂತ ಮುಂಚೆಯೇ, ಹಲವು ಕಿಲೋಮೀಟರ್ ಮುಂದಕ್ಕೇ, ನಮ್ಮನ್ನು ಮುಟ್ಟುತ್ತದೆ. ಪಶ್ಚಿಮದಿಂದ ಬೀಸುತ್ತಿದ್ದ ಗಾಳಿ ಕೆಲವೇ ನಿಮಿಷಗಳಲ್ಲಿ ಪೂರ್ವದಿಂದ, ಎರಡು ಮೂರು ಪಟ್ಟು ಜೋರಾಗಿ ಬರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು. ಎಲ್ಲಕ್ಕಿಂತ ಕೆಟ್ಟ ಸಂಗತಿಯೆಂದರೆ ಅದರ ದಿಕ್ಕು. ಆ ಗಾಳಿ ಚಿಕ್ಕ ದೋಣಿಯನ್ನು ತೀರಕ್ಕೆ ತಳ್ಳುವುದಿಲ್ಲ, ತೀರದಿಂದ ಆಚೆಗೆ, ತೆರೆದ ಕಡಲಿಗೆ ತಳ್ಳುತ್ತದೆ.

ಚಂಡಮಾರುತ ಬರುವುದಿದ್ದರೆ ನಮಗೆ ದಿನಗಳ ಮೊದಲೇ ಗೊತ್ತಾಗುತ್ತದೆ. ಹವಾಮಾನ ಇಲಾಖೆ ಹೇಳುತ್ತದೆ, ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಅಲೆಯ ಎತ್ತರ ಹೇಳುತ್ತದೆ, ಬಂದರಿನಲ್ಲಿ ಮೂರನೇ ಸಂಖ್ಯೆಯ ಎಚ್ಚರಿಕೆ ಸಂಕೇತ ಏರುತ್ತದೆ. 2017ರ ಓಖಿ, 2019ರ ಕ್ಯಾರ್ ಚಂಡಮಾರುತಗಳ ಸಮಯದಲ್ಲಿ ಹೊರರಾಜ್ಯಗಳ ಮೀನುಗಾರಿಕೆ ದೋಣಿಗಳು ನಮ್ಮ ಬಂದರಿಗೇ ಓಡಿ ಬಂದು ನಿಂತದ್ದನ್ನು ನೀವೆಲ್ಲ ನೋಡಿದ್ದೀರಿ. ಗುಡ್ಡ ಮತ್ತು ದ್ವೀಪಗಳ ಮರೆ ಇರುವ ಬಂದರು ಇದು. ಆದರೆ ಘಟ್ಟದ ಒಂದು ಮೋಡಕ್ಕೆ ಯಾರೂ ಹೆಸರಿಡುವುದಿಲ್ಲ. 'ಅಲ್ಲಲ್ಲಿ ಗುಡುಗು ಸಹಿತ ಮಳೆ' ಎಂಬ ಒಂದು ಸಾಲಿನಲ್ಲಿ ಅದು ಮುಗಿದುಹೋಗುತ್ತದೆ. ಆ 'ಅಲ್ಲಲ್ಲಿ'ಯಲ್ಲಿ ನಮ್ಮ ದೋಣಿ ಇದೆಯೋ ಇಲ್ಲವೋ ಎಂಬುದನ್ನು ನಾವೇ ನೋಡಿಕೊಳ್ಳಬೇಕು. ಗೋವಾದ ರಾಡಾರ್ ಚಿತ್ರವನ್ನು ಮೊಬೈಲಿನಲ್ಲಿ ನೋಡಬಹುದು. ನಾನು ಇನ್ನೊಂದು ಉಪಾಯವನ್ನೂ ಇಟ್ಟುಕೊಂಡಿದ್ದೇನೆ: ಯಲ್ಲಾಪುರದ ನನ್ನ ಭಾವ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದವರಷ್ಟು ಗಮನವಿಟ್ಟು ಆಕಾಶ ನೋಡುವವರು ಬೇರೆ ಯಾರಿದ್ದಾರೆ?

ಹನ್ನೊಂದೂವರೆಗೆ ಭಾವನಿಗೆ ಫೋನ್ ಮಾಡಿದೆ. "ಇಲ್ಲಿ ಸೆಖೆ ಹೆಚ್ಚು, ಇನ್ನೂ ಏನಿಲ್ಲ" ಎಂದರು. ಹನ್ನೆರಡರ ಸುಮಾರಿಗೆ ಪಡುವಣ ಗಾಳಿ ಬಂತು. ಕೂರ್ಮಗಡದ ಕಡೆಗೆ ಹೊರಟೆವು. ಗಾಳಿ ಬದಿಯಿಂದ ಬರುವಾಗ ಹಾಯಿದೋಣಿಗೆ ಹಬ್ಬ. ಅಲ್ಲಲ್ಲಿ ಬಿಳಿನೊರೆ ಕಾಣಿಸಿತು. ಇದು ಅಳತೆಗೋಲು, ಕೇವಲ ಅಲಂಕಾರವಲ್ಲ. ಬ್ರಿಟಿಷ್ ನೌಕಾಧಿಕಾರಿ ಬೋಫರ್ಟ್ 1805ರಲ್ಲಿ ಮಾಡಿದ ಪಟ್ಟಿಯ ಇಂದಿನ ರೂಪದ ಪ್ರಕಾರ ಅಲ್ಲಲ್ಲಿ ನೊರೆ ಎಂದರೆ ಗಂಟೆಗೆ 12ರಿಂದ 19 ಕಿಲೋಮೀಟರ್, ಎಲ್ಲೆಡೆ ನೊರೆ ಎಂದರೆ 20 ದಾಟಿದೆ. ನಮ್ಮ ದೋಣಿಗೆ ಮೊದಲನೆಯದು ಸುಖ, ಎರಡನೆಯದು ದುಡಿತ.

ಎರಡೂವರೆಯ ಹೊತ್ತಿಗೆ ಗಾಳಿ ನಿಂತುಹೋಯಿತು. ಪಟ್ಟಿಯ ಪ್ರಕಾರ ಅದು ಆಗ ಅತ್ಯಂತ ಜೋರಾಗಿರಬೇಕಿತ್ತು. ನನ್ನ ವಿದ್ಯಾರ್ಥಿ ಹಾಯಿಯ ಹಗ್ಗ ಎಳೆದು, ಬಿಟ್ಟು, ಮತ್ತೆ ಎಳೆದು ಗಾಳಿ ಹುಡುಕತೊಡಗಿದ. ತಾಂಡೇಲರು ಅವನ ಕಡೆ ನೋಡಲೂ ಇಲ್ಲ. "ಮಾಸ್ತರೇ, ಹಿಂದೆ ನೋಡಿ" ಎಂದರು. ಗುಡ್ಡೆಹಳ್ಳಿಯ ಹಿಂದಿನ ಬಿಳಿ ಗೋಪುರಗಳು ಒಂದಾಗಿ, ಬುಡ ಕಪ್ಪಾಗಿ, ನೆತ್ತಿ ಕಮ್ಮಾರನ ಅಡಿಗಲ್ಲಿನ ಹಾಗೆ ಚಪ್ಪಟೆಯಾಗಿ ನಮ್ಮ ಕಡೆ ಚಾಚಿತ್ತು. ಮಿಂಚು ಕಂಡ ಮೇಲೆ ಎಣಿಸಲು ಶುರುಮಾಡಿದೆ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ, ನೆಲದಲ್ಲಿರುವವರು ಮನೆ ಸೇರಬೇಕು. ನಮಗೆ ಮನೆ ಇರಲಿಲ್ಲ. ಆ ನೀರಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನಮ್ಮ ಹಾಯಿಕಂಬವೇ ಆಗಿತ್ತು.

ಮುಂದಿನದನ್ನು ತಾಂಡೇಲರು ಹೇಳಿದರು, ನಾವು ಮಾಡಿದೆವು. ಗಾಳಿ ಇಲ್ಲದಿರುವಾಗಲೇ ಎರಡೂ ಹಾಯಿ ಇಳಿಸಿ ಸುತ್ತಿ ಕಟ್ಟಿದೆವು. ಗಾಳಿ ಬಂದ ಮೇಲೆ ಇಳಿಸುತ್ತೇನೆ ಎನ್ನುವವನಿಗೆ ಅದನ್ನು ಇಳಿಸಲು ಆಗುವುದಿಲ್ಲ. ಕೊಲ್ಲಿಯ ಈ ಭಾಗದಲ್ಲಿ ಆಳ ಕಡಿಮೆ, ಹಾಗಾಗಿ ಲಂಗರು ಬಿಟ್ಟೆವು. ಲಂಗರು ಹಿಡಿಯುವುದು ತೂಕದಿಂದಲ್ಲ, ಹಗ್ಗದ ಉದ್ದದಿಂದ. ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಟ್ಟರೆ ಅದು ಅಡ್ಡಕ್ಕೆ ಎಳೆದು ಮಣ್ಣಿನಲ್ಲಿ ಕಚ್ಚುತ್ತದೆ, ಕಡಿಮೆ ಬಿಟ್ಟರೆ ಮೇಲಕ್ಕೆ ಕಿತ್ತು ಬರುತ್ತದೆ. ಜಾಕೆಟ್‌ಗಳು ಬೆಳಗಿನಿಂದಲೂ ಮೈಮೇಲೆ ಇದ್ದವು. ಬಿಗಿ ಮಾಡಿಕೊಂಡು, ಕಂಬದಿಂದ ಆದಷ್ಟು ದೂರ, ದೋಣಿಯ ತಳದಲ್ಲಿ ಕುಳಿತೆವು.

ಮೊದಲು ಬಂದದ್ದು ವಾಸನೆ. ಒದ್ದೆ ಮಣ್ಣು, ಒದ್ದೆ ಎಲೆ, ಕಡಲಿನ ಮೇಲೆ ಕಾಡಿನ ವಾಸನೆ. ಆಮೇಲೆ ಸದಾಶಿವಗಡದ ಗುಡ್ಡ ಮಾಯವಾಯಿತು. ನೀರಿನ ಮೇಲೆ ಒಂದು ಕಪ್ಪು ಗೆರೆ ನಮ್ಮ ಕಡೆ ಬಂತು, ಬಂದು ತಾಗಿತು. ದೋಣಿ ತಿರುಗಿ ಮೂತಿಯನ್ನು ಪೂರ್ವಕ್ಕೆ ಕೊಟ್ಟಿತು. ಸೆಖೆಯಲ್ಲಿ ಬೆವರುತ್ತಿದ್ದವರಿಗೆ ನಡುಕ ಹುಟ್ಟಿತು. ಬರಿಯ ಕಂಬಕ್ಕೇ ದೋಣಿ ವಾಲುತ್ತಿತ್ತು. ಹಾಯಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ವಿವರಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಮಳೆ ಅಡ್ಡಡ್ಡಲಾಗಿ ಹೊಡೆಯಿತು. ಅಲೆಗಳು ಮಾತ್ರ ದೊಡ್ಡವಾಗಲಿಲ್ಲ, ಏಕೆಂದರೆ ಗಾಳಿ ತೀರದಿಂದ ಹೊರಟಿತ್ತು, ಅಲೆ ಬೆಳೆಸಲು ಅದಕ್ಕೆ ಸಾಕಷ್ಟು ನೀರಿನ ದೂರ ಸಿಕ್ಕಿರಲಿಲ್ಲ. ಇದೇ ಗಾಳಿಗೆ ಸೂಪಾ ಅಥವಾ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಸಿಕ್ಕಿದ್ದರೆ ಆಚೆಯ ದಡವಾದರೂ ಹಿಡಿಯುತ್ತಿತ್ತು. ಇಲ್ಲಿ ಆಚೆಯ ದಡ ಅರಬಸ್ಥಾನ. ಹಗ್ಗವೊಂದೇ ನಮ್ಮ ಆಧಾರ.

ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು ಬಿಸಿಲು ಬಂತು. ಅಂಥ ಮಳೆಯ ನಂತರ ನೆಲ ತಣಿದಿರುವುದರಿಂದ ಪಡುವಣ ಗಾಳಿ ಮರಳುವುದಿಲ್ಲ. ಅಲ್ಲಿಗೆ ದಿನದ ವೇಳಾಪಟ್ಟಿ ರದ್ದು. ಆದರೆ ಇನ್ನೊಂದು ಪಟ್ಟಿ ಇತ್ತು, ಮೋಡದಿಂದ ಕೆಡದ್ದು. ಭರತ ಶುರುವಾಗಿತ್ತು. ನಮ್ಮ ತೀರದಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಸುಮಾರು ಎರಡು ಮೀಟರ್ ಏರಿಳಿಯುತ್ತದೆ. ಅಷ್ಟು ನೀರು ಕಾಳಿಯ ಬಾಯಿಯೊಳಗೆ ನುಗ್ಗುವಾಗ ದೋಣಿಯನ್ನೂ ಕರೆದುಕೊಂಡು ಹೋಗುತ್ತದೆ. ಹುಟ್ಟು ಹಾಕುತ್ತಾ, ಹರಿವಿನ ಮೇಲೆ ಕುಳಿತು ಅಳಿವೆ ದಾಟಿದೆವು.

ಅಳಿವೆಯನ್ನು ಹಗುರವಾಗಿ ನೋಡಬೇಡಿ. ಇಳಿತದ ನೀರು ಹೊರಗೆ ಓಡುವಾಗ ಎದುರಿನಿಂದ ಜೋರು ಪಡುವಣ ಗಾಳಿ ಬಂದರೆ ಅಲ್ಲಿ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಅದೇ ಗಾಳಿ, ಅದೇ ನೀರು, ಭರತದಲ್ಲಿ ನುಣ್ಣಗಿರುತ್ತದೆ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ ಜೀವಗಳು ಹೋದದ್ದನ್ನು ಈ ಸಭೆಯಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಜಾತ್ರೆ ಬರುವುದು ಕಡಲು ಸಾಧುವಾಗಿರುವ ತಿಂಗಳಲ್ಲಿ, ದೂರವೂ ಕೆಲವೇ ಕಿಲೋಮೀಟರ್ ಎಂಬುದನ್ನಷ್ಟೇ ಹೇಳುತ್ತೇನೆ.

ರವೀಂದ್ರನಾಥ ಠಾಗೋರರ ಹೆಸರು ಹೇಳದೆ ಕಾರವಾರದ ಯಾವ ಉಪನ್ಯಾಸವೂ ಮುಗಿಯುವುದಿಲ್ಲವಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ಕವಿ ಇಲ್ಲಿದ್ದರು, ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಮೇಲಕ್ಕೆ ಹೋಗಿ ಕೋಟೆಯ ಬಳಿ ಇಳಿದಿದ್ದರು. ಮರಳುವಾಗ ಇಳಿತದ ನೀರಿಗೆ ದೋಣಿ ಬಿಟ್ಟರಂತೆ. ಅಳಿವೆಗೆ ಬರುವುದರಲ್ಲೇ ತುಂಬಾ ಹೊತ್ತಾಯಿತೆಂದು ಅಲ್ಲೇ ಇಳಿದು ಮರಳಿನ ಮೇಲೆ ಮನೆಗೆ ನಡೆದರಂತೆ. ಎಲ್ಲರೂ ಇದರಲ್ಲಿ ಬೆಳದಿಂಗಳನ್ನು ನೋಡುತ್ತಾರೆ. ಮೂರು ದಶಕ ಭೂಗೋಳ ಕಲಿಸಿದ ನನಗೆ ಕಾಣುವುದು, ಅಂಬಿಗನು ಭರತದಲ್ಲಿ ಹೋಗಿ ಇಳಿತದಲ್ಲಿ ಬರುವ ಲೆಕ್ಕ ಹಾಕಿದ್ದ ಎಂಬುದು.

ಇನ್ನು ಪ್ರಶ್ನೆಗಳು.

ಈಜು ಚೆನ್ನಾಗಿ ಬರುವವರಿಗೂ ಜಾಕೆಟ್ ಬೇಕೇ ಎಂದು ಒಬ್ಬರು ಕೇಳಿದ್ದಾರೆ. ಬೇಕು. ದೋಣಿಯ ಪಕ್ಕೆ ತಲೆಗೆ ಬಡಿದರೆ ಈಜು ಮರೆತುಹೋಗುತ್ತದೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಬೇಡಿ, ನೀರಿಗೆ ಬಿದ್ದಾಗ ಅದು ತಲೆಯ ಮೇಲಿಂದ ಜಾರಿ ಹೋಗುತ್ತದೆ.

ಹುಡುಗಿಯರು ಕಲಿಯಬಹುದೇ ಎಂಬ ಚೀಟಿ ಬಂದಿದೆ. ಬರೆದವರು ಯಾರೋ ತಾಯಿ ಇರಬೇಕು. 2017ರ ಸೆಪ್ಟೆಂಬರಿನಲ್ಲಿ ಪಕ್ಕದ ಗೋವಾದಿಂದ 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ನೌಕಾಪಡೆಯ ಆರು ಮಹಿಳೆಯರು ಹೊರಟು, ಭೂಮಿಯನ್ನೇ ಸುತ್ತಿ, 2018ರ ಮೇ ತಿಂಗಳಲ್ಲಿ ಗೋವಾಕ್ಕೇ ಮರಳಿದರು. ಆ ದೋಣಿ ಕಟ್ಟಿದ್ದೂ ಗೋವಾದಲ್ಲೇ.

ಕಲಿಯುವುದು ಎಲ್ಲಿಂದ ಶುರು ಎಂಬುದು ಕೊನೆಯ ಪ್ರಶ್ನೆ. ಕಡಲಿನಿಂದ ಅಲ್ಲ. ಭರತದ ಹೊತ್ತಿಗೆ ಕಾಳಿಯ ಒಳಗಿನ ನಿಂತ ನೀರಿನಲ್ಲಿ, ಕಲಿಸುವವರ ಜೊತೆ, ಮುಂಜಾನೆಯ ಮೆತ್ತನೆಯ ಗಾಳಿಯಲ್ಲಿ. ಸೇತುವೆಯಿಂದ ದೂರವಿರಿ. 2024ರ ಆಗಸ್ಟಿನಲ್ಲಿ ಹಳೆಯ ಸೇತುವೆ ಕುಸಿದದ್ದು ನೆನಪಿರಲಿ, ಕಂಬಗಳ ಸುತ್ತ ಹರಿವು ವಿಚಿತ್ರವಾಗಿ ತಿರುಗುತ್ತದೆ. ಮೊದಲ ಪಾಠದಲ್ಲೇ ದೋಣಿಯನ್ನು ಬೇಕೆಂದು ಮಗುಚಿಸಿ, ನೀರಿಗಿಳಿದ ಹಲಗೆಯ ಮೇಲೆ ನಿಂತು ಅದನ್ನು ಎತ್ತುವುದನ್ನು ಕಲಿಸುತ್ತಾರೆ. ಅದಾಗದೆ ಹಾಯಿ ಮುಟ್ಟಲು ಬಿಡುವುದಿಲ್ಲ. ಮೊಬೈಲಿಗೆ ನೀರು ಹೋಗದ ಚೀಲ, ಉದ್ದ ತೋಳಿನ ಅಂಗಿ, ಕುಡಿಯುವ ನೀರು ತನ್ನಿ. ದಸರಾ ರಜೆಯಲ್ಲೇ ಶುರುಮಾಡುತ್ತೇವೆ ಎನ್ನುವವರು ಮಧ್ಯಾಹ್ನ ಹನ್ನೆರಡರೊಳಗೆ ದಡಕ್ಕೆ ಬನ್ನಿ, ಡಿಸೆಂಬರಿನವರೆಗೆ ತಾಳುವವರಿಗೆ ಸಂಜೆಯವರೆಗೂ ಸಮಯವಿದೆ.